ಮೊದಲ ಎಣ್ಣೆ

ಹೊಸ ಕಾರು ಮನೆಗೆ ಬಂದ ದಿನ ಅದರ ಬಣ್ಣ ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ. ಎಣ್ಣೆ ಯಾವಾಗ ಬದಲಾಯಿಸುತ್ತೀ ಎಂದು ಮಾತ್ರ ಎಲ್ಲರೂ ಕೇಳಿದರು.

ಮೊದಲು ಕೇಳಿದವರು ಮಾವ. ಬದುಕಿನ ಮುಕ್ಕಾಲು ಪಾಲನ್ನು ಬಸ್ಸಿನ ಡ್ರೈವರ್ ಸೀಟಿನಲ್ಲೇ ಕಳೆದವರು ಅವರು. ಕಣ್ಣು ಮಂಜಾದ ಮೇಲೆ ರಸ್ತೆಯಲ್ಲಿ ಗಾಡಿ ಓಡಿಸುವುದನ್ನು ತಾವಾಗಿಯೇ ನಿಲ್ಲಿಸಿದ್ದರು. ಗಾಡಿಗಳ ಬಗ್ಗೆ ಮಾತಾಡುವುದನ್ನು ನಿಲ್ಲಿಸಿರಲಿಲ್ಲ. ಕಾರಿಗೆ ಒಂದು ಸುತ್ತು ಬಂದು, ಟೈರನ್ನು ಚಪ್ಪಲಿಯ ತುದಿಯಿಂದ ಒತ್ತಿ ನೋಡಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತರು.

"ಸಾವಿರ ಕಿಲೋಮೀಟರ್ ಆಗ್ತಿದ್ದ ಹಾಗೆ ಮೊದಲ ಎಣ್ಣೆ ಇಳಿಸಿಬಿಡಬೇಕು ನೋಡಮ್ಮ," ಅಂದರು ಸೊಸೆಗೆ. "ಹೊಸ ಎಂಜಿನ್ನು ಹೊಸ ಚಪ್ಪಲಿ ಇದ್ದ ಹಾಗೆ, ಮೊದಮೊದಲು ಉಜ್ಜುತ್ತೆ. ಉಜ್ಜಿದ ಕಬ್ಬಿಣದ ಪುಡಿಯೆಲ್ಲ ಆ ಎಣ್ಣೆಲೇ ಇರುತ್ತೆ."

"ಅಂಗಡಿಯವರು ಹತ್ತು ಸಾವಿರ ಅಂದ್ರು ಮಾವ. ಇಲ್ಲಾಂದ್ರೆ ಒಂದು ವರ್ಷ. ಯಾವುದು ಮೊದಲು ಬರುತ್ತೋ ಅದು."

"ಮಾರೋನು ಹೇಳ್ತಾನೆ. ಓಡಿಸೋನಿಗೆ ಗೊತ್ತಿರುತ್ತೆ."

"ಓಡಿಸೋಳು ನಾನು," ಎಂದು ಸೊಸೆ ನಕ್ಕಳು. ಆಗ ಇನ್ನೂ ನಗು ಬರುತ್ತಿತ್ತು.

ಅವಳು ಫಿಸಿಯೋಥೆರಪಿ ಮಾಡುವವಳು. ಮೊಣಕಾಲು ಮಡಚಲಾಗದವರು, ಭುಜ ಎತ್ತಲಾಗದವರು, ಬಿದ್ದು ಸೊಂಟ ಮುರಿದುಕೊಂಡವರು, ಇಂಥವರ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ರೋಗಿಗಳನ್ನು ಮಲಗಿಸಲು ಮಡಚುವ ಟೇಬಲ್ಲೊಂದನ್ನು ವರ್ಷಗಟ್ಟಲೆ ಹೆಗಲಿಗೆ ಹಾಕಿಕೊಂಡು ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದಿದ್ದಳು. ಊರಿನವರ ನೋವೆಲ್ಲ ವಾಸಿಯಾಗಿ ಕೊನೆಗೆ ಅವಳ ಹೆಗಲೇ ನೋಯತೊಡಗಿದಾಗ ಕಾರು ಕೊಂಡಳು. ಯಾರನ್ನೂ ಕೇಳದೆ ಕೊಂಡಳು, ಅದು ಮುಖ್ಯ. ಆ ಮನೆಯಲ್ಲಿ ಅವಳು ಕಾಲಿಡುವ ಮೊದಲೇ ಎಲ್ಲವೂ ತೀರ್ಮಾನವಾಗಿತ್ತು. ಪರದೆಯ ಬಣ್ಣ, ಒಲೆಯ ಜಾಗ, ಯಾವ ಕುರ್ಚಿಯಲ್ಲಿ ಯಾರು ಕೂರುವುದು ಎಲ್ಲವೂ. ಇದೊಂದಾದರೂ ತನ್ನ ತಲೆಯಿಂದ ನಡೆಯಲಿ, ಇದರ ಒಳ್ಳೆಯದು ಕೆಟ್ಟದ್ದು ತನಗೇ ಇರಲಿ ಎಂಬುದು ಅವಳ ಆಸೆ. ದೊಡ್ಡ ಆಸೆಯೇನಲ್ಲ.

ಆದರೆ ಊರಿಗೆ ಊರೇ ಅವಳ ಎಂಜಿನ್ನಿನ ಹಿರಿತನ ವಹಿಸಿ ಕುಳಿತಿತ್ತು.

ಅಣ್ಣ ಫೋನು ಮಾಡಿದ. ಅವನು ಕಾರಿನ ವಿಡಿಯೋಗಳನ್ನು ನೋಡಿಯೇ ಮೆಕ್ಯಾನಿಕ್ ಆದವನು. "ಹತ್ತು ಸಾವಿರದ ತನಕ ಬಾನೆಟ್ಟು ಮುಟ್ಟಬೇಡ. ಈಗಿನ ಎಣ್ಣೆನೇ ಬೇರೆ, ಈಗಿನ ಎಂಜಿನ್ನೇ ಬೇರೆ. ನಿಮ್ಮ ಮಾವನ ಬಸ್ಸಿನ ಕಾಲ ಮುಗೀತು ಅಂತ ಹೇಳು."

"ನೀನೇ ಬಂದು ಹೇಳು."

"ನನಗ್ಯಾಕೆ ಬೇಕು ಆ ಉಸಾಬರಿ," ಎಂದು ಅಣ್ಣ ಫೋನಿಟ್ಟ.

ಎದುರು ಮನೆಯ ದರ್ಜಿ ಐದು ಸಾವಿರ ಅಂದ. ಅವನ ಹತ್ತಿರ ಇದ್ದದ್ದು ಹೊಲಿಗೆ ಯಂತ್ರ, ಕಾರಲ್ಲ. ಅವಳ ರೋಗಿಗಳೂ ಬಿಡಲಿಲ್ಲ. ಟೇಬಲ್ಲಿನ ಮೇಲೆ ಬೋರಲು ಮಲಗಿದ್ದ ಒಬ್ಬರು ಮಲಗಿದಲ್ಲಿಂದಲೇ, ಆಯಿಲ್ ಫಿಲ್ಟರನ್ನು ಒಂದು ಸಲ ಬಿಟ್ಟು ಒಂದು ಸಲ ಹಾಕಿಸಿದರೆ ಸಾಕು ಎಂದರು. ಛೆ, ಎಣ್ಣೆ ಹೊಸದು ಫಿಲ್ಟರ್ ಹಳೆಯದಾದರೆ ಸ್ನಾನ ಮಾಡಿ ಕೊಳೆ ಬಟ್ಟೆ ಉಟ್ಟ ಹಾಗೆ ಎಂದು ಅವರ ಹೆಂಡತಿ ಒಳಗಿನಿಂದ ಹೇಳಿದರು. ಮೊಣಕಾಲು ಬಗ್ಗದವರು ಎಣ್ಣೆಯ ವಿಷಯದಲ್ಲೂ ಬಗ್ಗುತ್ತಿರಲಿಲ್ಲ.

ಗಂಡನನ್ನು ಕೇಳಿದಳು. ಅವನು ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುವವನು. ಮನೆಯಲ್ಲೂ ಅಲ್ಲಿಯ ಹಾಗೆಯೇ ಮೆಲ್ಲಗೆ ಮಾತಾಡುತ್ತಿದ್ದ.

"ಅಪ್ಪ ಹೇಳೋದ್ರಲ್ಲೂ ಅರ್ಥ ಇದೆ. ನೀನು ಹೇಳೋದ್ರಲ್ಲೂ ಅರ್ಥ ಇದೆ."

"ನಿಮ್ಮ ಮಾತಿನಲ್ಲಿ ಏನರ್ಥ ಇದೆ?"

"ಅದನ್ನೇ ಹುಡುಕ್ತಾ ಇದೀನಿ," ಎಂದು ಅವನು ಪುಸ್ತಕದ ಹಾಳೆ ತಿರುವಿದ.

ಸಾವಿರ ಕಿಲೋಮೀಟರಿನ ಮೊದಲ ತಪಾಸಣೆಗೆ ಅವಳೊಬ್ಬಳೇ ಹೋದಳು. ಸರ್ವಿಸ್ ಸೆಂಟರಿನವರು ಎಲ್ಲ ನೋಡಿ, ಎಣ್ಣೆ ಚೆನ್ನಾಗಿದೆ, ಈಗ ಬದಲಾಯಿಸುವುದು ಬೇಡ ಎಂದರು. ಮನೆಗೆ ಬಂದು ಹೇಳಿದಾಗ ಮಾವ "ಹೂಂ" ಅಂದರು. ಆ ಹೂಂ ಎರಡು ಹೊತ್ತಿನ ಊಟದ ತನಕ ನಡೆಯಿತು. ಮೂರನೆಯ ಹೊತ್ತಿಗೆ ತಾವೇ ಅಂಗಡಿಗೆ ನಡೆದು ಹೋಗಿ ಎಂಜಿನ್ ಆಯಿಲಿನ ಡಬ್ಬಿಯೊಂದನ್ನು ತಂದು ಸಾಮಾನಿನ ಕೋಣೆಯ ಮೇಲಿನ ಹಲಗೆಯಲ್ಲಿಟ್ಟರು.

"ಇರ್ಲಿ," ಅಂದರು. "ಬುದ್ಧಿ ಬಂದಾಗ ಎಣ್ಣೆ ಹುಡುಕೋ ಹಾಗಾಗಬಾರದು."

ಅವಳು ಹಲ್ಲು ಕಚ್ಚಿಕೊಂಡಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಮಾತಿಗೆ ಮಾತ್ರ ಒಪ್ಪಿದಳು. ಎಣ್ಣೆಯ ಮಟ್ಟ ನೋಡುವುದನ್ನು ಮಾವನಿಂದ ಕಲಿತಳು. ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಬಾನೆಟ್ಟು ಎತ್ತುವುದು, ಉದ್ದನೆಯ ಕಡ್ಡಿಯನ್ನು ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ತೆಗೆಯುವುದು, ಎಣ್ಣೆ ಎರಡು ಗೆರೆಗಳ ನಡುವೆ ಇದೆಯೇ ಎಂದು ನೋಡುವುದು. ಮಾವ ಕಲಿಸುವಾಗ ಒಮ್ಮೆಯೂ ರೇಗಲಿಲ್ಲ. ಅವಳ ಕೈಗೆ ಮಸಿ ಹತ್ತಿದರೆ ತಮ್ಮ ಹೆಗಲ ಮೇಲಿನ ವಸ್ತ್ರವನ್ನೇ ಚಾಚುತ್ತಿದ್ದರು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಅವರಂಥ ಮಾವ ಬೇರೆ ಇರಲಿಲ್ಲ.

ಸುಮ್ಮನಿರುವುದು ಅವರಿಗೆ ಬರುತ್ತಿರಲಿಲ್ಲ. ಚಳಿ ಶುರುವಾದ ಮೇಲೆ ಹೊಸದೊಂದು ಹಚ್ಚಿಕೊಂಡರು. ಅವಳು ಅಡುಗೆಮನೆಯಲ್ಲಿ ಬೆಳಗಿನ ಕೆಲಸ ಮಾಡುತ್ತಿರುವಾಗ ಬಾಗಿಲ ಪಕ್ಕದ ಮೊಳೆಯಿಂದ ಕೀಲಿ ತೆಗೆದುಕೊಂಡು ಅಂಗಳಕ್ಕೆ ಹೋಗಿ ಕಾರು ಶುರು ಮಾಡುವರು. ಹಿಂದೆ ಮುಂದೆ ಆಡಿಸಿ, ಗೋಡೆಗೆ ಮುಖ ಮಾಡಿ ನಿಂತ ಕಾರನ್ನು ಗೇಟಿನ ಕಡೆಗೆ ತಿರುಗಿಸಿ ನಿಲ್ಲಿಸುವರು. ಆಮೇಲೆ ಎಂಜಿನ್ನನ್ನು ಹಾಗೇ ಬಿಟ್ಟು ಗಾಜು ಒರೆಸುತ್ತಾ ಕೂರುವರು. ಅವಳು ತಿಂಡಿ ಮುಗಿಸಿ, ಚೀಲ ಜೋಡಿಸಿ, ಜಡೆ ಹೆಣೆದು ಬರುವ ತನಕ ಅದು ಅಂಗಳದಲ್ಲಿ ಗುರ್ ಎನ್ನುತ್ತಲೇ ಇರುವುದು.

"ಪೆಟ್ರೋಲು ಸುಮ್ಮನೆ ಉರೀತಿದೆ ಮಾವ."

"ಬಸ್ಸನ್ನ ಹೀಗೆ ಬಿಸಿ ಮಾಡದೆ ಡಿಪೋದಿಂದ ಒಂದು ದಿನಾನೂ ಹೊರಗೆ ತಂದೋನಲ್ಲ ನಾನು."

"ಇದು ಬಸ್ಸಲ್ಲ."

"ನಿನ್ನ ಪೇಷೆಂಟುಗಳಿಗೆ ನೀನೇನು ಹೇಳ್ತೀಯ? ಮೊದಲು ಮೈ ಬಿಸಿ ಮಾಡ್ಕೊಳ್ಳಿ, ಆಮೇಲೆ ವ್ಯಾಯಾಮ ಅಂತ ತಾನೆ? ಮೊಣಕಾಲಿಗೊಂದು ನ್ಯಾಯ, ಎಂಜಿನ್ನಿಗೊಂದು ನ್ಯಾಯವಾ?"

ಅವಳದೇ ಮಾತನ್ನು ಅವಳಿಗೇ ತಿರುಗಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ದಡಾರನೆ ಬಾಗಿಲು ಹಾಕಿಕೊಂಡು ಹೋದಳು.

ಚಳಿಗಾಲ ಅರ್ಧ ಕಳೆದಿರಬೇಕು. ಒಂದು ಭಾನುವಾರ ಕಡ್ಡಿ ಎಳೆದು ನೋಡಿದರೆ ಎಣ್ಣೆ ಮೇಲಿನ ಗೆರೆಯನ್ನು ದಾಟಿತ್ತು. ಒರೆಸಿ ಮತ್ತೆ ಅದ್ದಿದಳು. ಮತ್ತೆ ಅಷ್ಟೇ. ಹೊಸ ಎಂಜಿನ್ನು ಸ್ವಲ್ಪ ಎಣ್ಣೆ ಕುಡಿಯುತ್ತದೆ ಎಂದು ಕೇಳಿದ್ದಳು, ಕಕ್ಕುತ್ತದೆ ಎಂದು ಕೇಳಿರಲಿಲ್ಲ. ಎಣ್ಣೆ ಗೆರೆಗಿಂತ ಕಡಿಮೆಯಾಗುವುದು ಎಷ್ಟು ಕೆಟ್ಟದ್ದೋ ಹೆಚ್ಚಾಗುವುದೂ ಅಷ್ಟೇ ಕೆಟ್ಟದ್ದು ಎಂದು ಮಾವನೇ ಹೇಳಿಕೊಟ್ಟಿದ್ದರು.

ನೇರ ಸಾಮಾನಿನ ಕೋಣೆಗೆ ಹೋದಳು. ಮೇಲಿನ ಹಲಗೆಯಲ್ಲಿ ಡಬ್ಬಿ ಇತ್ತು. ಮುಚ್ಚಳದ ಸೀಲು ಒಡೆದಿತ್ತು. ಎತ್ತಿ ನೋಡಿದರೆ ಎಣ್ಣೆ ಅಷ್ಟಿಷ್ಟು ಕಡಿಮೆಯಾಗಿತ್ತು.

ಮಧ್ಯಾಹ್ನದ ಊಟಕ್ಕೆ ಕೂತಾಗ ಕೇಳಿದಳು. ಶಾಂತವಾಗಿ ಕೇಳಬೇಕೆಂದು ಬೆಳಗಿನಿಂದ ಮಾತು ಜೋಡಿಸಿಟ್ಟಿದ್ದಳು. ಬಾಯಿಗೆ ಬಂದದ್ದೇ ಬೇರೆ.

"ನನಗೆ ಗೊತ್ತಾಗದ ಹಾಗೆ ಕಾರಿಗೆ ಎಣ್ಣೆ ಸುರಿದಿದ್ದೀರಾ ಮಾವ?"

ಮಾವ ತಲೆಯೆತ್ತಿದರು. "ಇಲ್ಲವಲ್ಲ."

"ಡಬ್ಬಿ ಒಡೆದಿದೆ. ಎಣ್ಣೆ ಮೇಲಿನ ಗೆರೆ ದಾಟಿದೆ."

"ಡಬ್ಬಿ ಒಡೆದದ್ದು ಬೇರೆ ಕೆಲಸಕ್ಕೆ."

"ಎಂಜಿನ್ ಎಣ್ಣೆಗೆ ಎಂಜಿನ್ ಬಿಟ್ಟು ಬೇರೆ ಏನು ಕೆಲಸ ಇರುತ್ತೆ? ಇಳಿಸೋಕೆ ನಾನು ಬಿಡಲಿಲ್ಲ ಅಂತ ಮೇಲಿಂದ ಹೊಸದು ಹಾಕಿದ್ದೀರಿ. ಸಾರು ಉಪ್ಪಾಯ್ತು ಅಂತ ನೀರು ಹೊಯ್ದ ಹಾಗೆ. ಕೇಳಿದ್ರೆ ಇಲ್ಲ ಅಂತೀರಿ."

"ಬಿಡೇ," ಎಂದು ಗಂಡ ಮೆಲ್ಲಗೆ ಹೇಳಿದ.

"ನೀವು ಸುಮ್ಮನಿರಿ, ಯಾವಾಗ್ಲೂ ಇರ್ತೀರಲ್ಲ ಹಾಗೆ. ಒಂದೇ ಒಂದು ವಸ್ತು ರೀ, ಈ ಮನೆಯಲ್ಲಿ ನನ್ನದು ಅಂತ. ಅದಕ್ಕೂ ಎಲ್ಲರ ಕೈಯೇ. ನನ್ನ ಕಾರಿಗೆ ಏನು ಹಾಕಬೇಕು, ಯಾವಾಗ ಹಾಕಬೇಕು ಅಂತ ನನ್ನನ್ನ ಒಂದು ಮಾತು ಕೇಳಬಾರದಾ?"

ಮಾವ ಊಟವನ್ನು ಪೂರ್ತಿ ಮಾಡಿದರು. ತಟ್ಟೆಯಲ್ಲಿ ಬಿಟ್ಟು ಏಳುವುದು ಅವರಿಗೆ ಗೊತ್ತಿಲ್ಲ. ತಟ್ಟೆ ತೊಳೆದಿಟ್ಟರು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಗುರ್ ಎನ್ನುವ ಸದ್ದಿರಲಿಲ್ಲ. ಕಾರಿನ ಕೀಲಿ ಮೊಳೆಯಲ್ಲಿರಲಿಲ್ಲ, ಅವಳ ಕಾಫಿ ಲೋಟದ ಪಕ್ಕದಲ್ಲಿತ್ತು.

ಅವಳಿಗೆ ಬೇಕಾದದ್ದೂ ಅದೇ ತಾನೆ. ಹಾಗೆಂದುಕೊಂಡೇ ಹೊರಗೆ ಬಂದಳು.

ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು, ರಾತ್ರಿ ಅವಳು ನಿಲ್ಲಿಸಿದ ಹಾಗೆಯೇ. ಗಾಜಿನ ಮೇಲೆ ಮಂಜು ಬೆಳ್ಳಗೆ ಕೂತಿತ್ತು. ಒರೆಸಲು ಬಟ್ಟೆ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ, ದುಪಟ್ಟಾದಲ್ಲೇ ಒರೆಸಿದಳು. ಹಿಮ್ಮುಖವಾಗಿ ಗೇಟು ದಾಟುವುದು ಅವಳಿಗೆ ಯಾವತ್ತೂ ಸರಿಯಾಗಿ ಬಂದದ್ದಿಲ್ಲ. ಹಾಗೆ ಬರುವುದಿಲ್ಲ ಎಂದು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಎರಡು ಸಲ ಕಂಬದ ಹತ್ತಿರ ನಿಂತು, ಇಳಿದು ನೋಡಿ, ಮತ್ತೆ ಹತ್ತಿ, ಮೂರನೆಯ ಸಲಕ್ಕೆ ಕನ್ನಡಿ ಉಜ್ಜಿಸಿಕೊಂಡೇ ಹೊರಬಿದ್ದಳು. ಮಾವ ಜಗಲಿಯಲ್ಲಿ ಪೇಪರಿನ ಹಿಂದೆ ಕೂತಿದ್ದರು. ಪೇಪರು ಅಲುಗಾಡಲಿಲ್ಲ. ಎರಡನೆಯ ಸಲ ಬ್ರೇಕು ಒತ್ತಿದಾಗ ಅವರ ಬಲಗಾಲು ಮಾತ್ರ ನೆಲವನ್ನು ಒತ್ತಿದ್ದು ಅವಳಿಗೆ ಕಂಡಿತು.

ತಾನು ಹೇಳಿಕೊಳ್ಳದ ವಿಷಯ ಅವರಿಗೆ ಹೇಗೆ ಗೊತ್ತಾಗಿತ್ತೋ. ದಿನಾ ಬೆಳಿಗ್ಗೆ ಕಾರು ತಿರುಗಿಸಿ ನಿಲ್ಲಿಸುತ್ತಿದ್ದರು, ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಎಲ್ಲದರ ಬಗ್ಗೆಯೂ ಮಾತಾಡುವ ಮನುಷ್ಯ.

ಆ ಯೋಚನೆಯನ್ನು ತಳ್ಳಿ, ಸಿಟ್ಟನ್ನು ಹಿಡಿದುಕೊಂಡೇ ಒಂದೆರಡು ದಿನ ಕಳೆದಳು. ಸಿಟ್ಟು ಹಿಡಿದುಕೊಳ್ಳುವುದೂ ಹಳೆಯ ಟೇಬಲ್ಲು ಹೊತ್ತ ಹಾಗೆಯೇ, ಹೆಗಲು ನೋಯುತ್ತದೆ.

ಟೇಬಲ್ಲಿನ ಮಾತು ಬಂದದ್ದು ಸೊಂಟ ಮುರಿದುಕೊಂಡಿದ್ದ ಒಬ್ಬ ಅಜ್ಜಿಯ ಮನೆಯಲ್ಲಿ. ಈ ಅಜ್ಜಿ ಮೊದಲು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದವರು. ಅವರ ಕಿವಿಯಿಂದ ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವಳು ಟೇಬಲ್ಲಿನ ಕಾಲು ಬಿಡಿಸಿ ನಿಲ್ಲಿಸುತ್ತಿದ್ದಾಗ ಮಂಚದಿಂದಲೇ ಕೇಳಿದರು:

"ಏನಮ್ಮ, ಟೇಬಲ್ಲು ಹೊಸದಾ?"

"ಇಲ್ಲ ಅಜ್ಜಿ, ಅದೇ ಹಳೇದು."

"ಮತ್ತೆ ಹಾಡೋದು ಬಿಟ್ಟಿದೆಯಲ್ಲ. ಮೊದಲೆಲ್ಲ ಕಾಲು ಬಿಡಿಸಿದ್ರೆ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚ್ತಿತ್ತು. ಈಗ ಸುಮಾರು ದಿನದಿಂದ ಸದ್ದೇ ಇಲ್ಲ. ಯಾರೋ ಪುಣ್ಯಾತ್ಮರು ಎಣ್ಣೆ ಬಿಟ್ಟಿದ್ದಾರೆ."

ಅವಳು ಟೇಬಲ್ಲನ್ನು ಮಡಚಿದಳು, ಬಿಡಿಸಿದಳು. ಸದ್ದಿಲ್ಲ. ಬಗ್ಗಿ ಕೀಲುಗಳನ್ನು ನೋಡಿದಳು. ಒಂದೊಂದು ಕೀಲಿನ ಸಂದಿಯಲ್ಲೂ ಹೊಂಬಣ್ಣದ ಎಣ್ಣೆಯ ಪಸೆ. ಚರ್ಮದ ಹೊದಿಕೆಗೆ ಒಂದು ಹನಿಯೂ ತಾಗದ ಹಾಗೆ ಸುತ್ತ ಒರೆಸಿದ್ದ ಗುರುತು. ಚೀಲದ ಗಾಲಿಗಳಿಗೂ ಎಣ್ಣೆ ಬಿದ್ದಿತ್ತು. ಮನೆಯ ಗೇಟು ಕಿರುಗುಟ್ಟುವುದನ್ನು ನಿಲ್ಲಿಸಿ ಎಷ್ಟು ದಿನವಾಗಿತ್ತೋ, ಅವಳು ಗಮನಿಸಿಯೇ ಇರಲಿಲ್ಲ. ಸದ್ದು ಇದ್ದರೆ ಸಿಟ್ಟು ಬರುತ್ತದೆ, ನಿಂತರೆ ಗೊತ್ತೇ ಆಗುವುದಿಲ್ಲ.

"ಯಾಕಮ್ಮ, ಮುಖ ಸಣ್ಣ ಮಾಡ್ಕೊಂಡೆ?" ಅಂದರು ಅಜ್ಜಿ.

"ಏನಿಲ್ಲ. ಕಾಲು ಮೇಲೆತ್ತಿ."

ಸಂಜೆ ಮನೆಗೆ ಬಂದಾಗ ಮಾವ ಅಂಗಳದಲ್ಲಿ ಪೊರಕೆ ಹಿಡಿದು ಒಣಗಿದೆಲೆ ಗುಡಿಸುತ್ತಿದ್ದರು. ಕಾರು ಒಳಗೆ ಬಂದದ್ದೇ ಪಕ್ಕಕ್ಕೆ ಸರಿದು ಬೆನ್ನು ತಿರುಗಿಸಿದರು.

"ಮಾವ, ತಪ್ಪಾಯ್ತು," ಅಂದಳು ಇಳಿಯುತ್ತಲೇ. ತಡ ಮಾಡಿದರೆ ನಾಲಿಗೆ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಎಣ್ಣೆ ಎಲ್ಲಿಗೆ ಹೋಯ್ತು ಅಂತ ಇವತ್ತು ಗೊತ್ತಾಯ್ತು. ನೀವು ಅವತ್ತೇ ಹೇಳಬಹುದಿತ್ತಲ್ಲ."

"ಇಲ್ಲ ಅಂತ ಹೇಳಿದ್ನಲ್ಲ. ಇಲ್ಲ ಅನ್ನೋದೇ ಸಾಲದು ಅಂದ್ರೆ, ಮೇಲೆ ಏನು ಹೇಳ್ಲಿ?" ಪೊರಕೆ ನಿಲ್ಲಲಿಲ್ಲ.

"ಸರಿ, ಇನ್ನೂ ನಾಲ್ಕು ಮಾತು ಅನ್ನಿ, ಕೇಳ್ತೀನಿ. ಆದ್ರೆ ಎಣ್ಣೆ ಮೇಲೆ ಬಂದಿರೋದು ನಿಜ ಮಾವ. ಹಾಕದೇ ಇದ್ದ ಎಣ್ಣೆ ಹೇಗೆ ಹೆಚ್ಚಾಗುತ್ತೆ? ನನಗಂತೂ ತಲೆ ಕೆಟ್ಟಿದೆ."

"ನಿನ್ನ ಕಾರು. ನಿನ್ನ ಸರ್ವಿಸ್ ಸೆಂಟರಿದೆ. ನಿಮ್ಮಣ್ಣ ಇದ್ದಾನೆ."

ಅವಳು ಎಂಜಿನ್ ತುಸು ತಣ್ಣಗಾಗುವ ತನಕ ಒಳಗೆ ಹೋಗಿ ಎರಡು ಲೋಟ ಕಾಫಿ ಮಾಡಿ ತಂದು ಒಂದನ್ನು ಜಗಲಿಯ ಮೇಲಿಟ್ಟಳು. ಆಮೇಲೆ ಬಾನೆಟ್ಟು ಎತ್ತಿ, ಕಡ್ಡಿ ಎಳೆದು, ಒರೆಸಿ, ಅದ್ದಿ, ಅವರು ಕಾಫಿ ತೆಗೆದುಕೊಳ್ಳಲು ಬಂದಾಗ ಅವರ ಮುಖದ ಹತ್ತಿರವೇ ಹಿಡಿದಳು. ಮಾವ ಕಣ್ಣು ಬೇರೆ ಕಡೆ ತಿರುಗಿಸಿದರು. ಹೇಗೂ ಆ ಬೆಳಕಿನಲ್ಲಿ ಅವರಿಗೆ ಗೆರೆ ಕಾಣುತ್ತಿರಲಿಲ್ಲ. ಆದರೆ ಮೂಗು ಕಣ್ಣಿನ ಮಾತು ಕೇಳಲಿಲ್ಲ. ಲೋಟದ ಕಡೆ ಚಾಚಿದ ಕೈ ಅಲ್ಲೇ ನಿಂತಿತು.

"ಇಲ್ಲಿ ಕೊಡು."

ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರು. ಮೂಸಿದರು. ಮತ್ತೆ ಉಜ್ಜಿದರು. ಪೊರಕೆಯನ್ನು ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕುಳಿತರು.

"ಕಾಫಿ ಆರುತ್ತೆ ಮಾವ."

"ಆಗ ತಪ್ಪಾಯ್ತು ಅಂದೆಯಲ್ಲ," ಅಂದರು. "ಅದನ್ನ ವಾಪಸ್ ತಗೋ."

"ಯಾಕೆ?"

"ಇದು ಎಣ್ಣೆ ಹೆಚ್ಚಾಗಿರೋದಲ್ಲ. ಪೆಟ್ರೋಲು ಸೇರಿದೆ. ಮೂಸಿ ನೋಡು. ಎಣ್ಣೆ ಬೆರಳಿಗೆ ಅಂಟಬೇಕು, ಇದು ನೀರಿನ ಹಾಗೆ ಜಾರ್ತಿದೆ. ತಣ್ಣಗಿರೋ ಎಂಜಿನ್ನನ್ನ ನಿಂತಲ್ಲೇ ಗುರುಗುಟ್ಟಿಸಿದ್ರೆ ಪೆಟ್ರೋಲು ಪೂರ್ತಿ ಉರಿಯಲ್ಲ. ಉರಿಯದ್ದು ಮೆಲ್ಲಗೆ ಕೆಳಗಿಳಿದು ಎಣ್ಣೆಗೆ ಸೇರುತ್ತೆ. ದಿನಾ ಒಂದಿಷ್ಟು ಒಂದಿಷ್ಟು ಅಂತ." ಬೆರಳನ್ನು ಹೆಗಲ ವಸ್ತ್ರಕ್ಕೆ ಒರೆಸಿದರು. "ಡಬ್ಬಿಯಿಂದ ಸುರೀಲಿಲ್ಲ, ಅಷ್ಟೇ. ಸುರಿದದ್ದು ನಾನೇ."

ಅವಳು ಕಡ್ಡಿ ಹಿಡಿದುಕೊಂಡೇ ನಿಂತಳು. ಅವರು ಸುಮ್ಮನಿದ್ದಿದ್ದರೆ ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಅವಳ ಕ್ಷಮಾಪಣೆ ಆಗಲೇ ಅವರ ಕೈಗೆ ಬಂದಿತ್ತು. ಇಟ್ಟುಕೊಂಡಿದ್ದರೆ ಇಡೀ ಚಳಿಗಾಲಕ್ಕೆ ಸಾಕಾಗುತ್ತಿತ್ತು.

"ಬಸ್ಸಿಗೂ ಹೀಗೇ ಆಗ್ತಿತ್ತಾ?"

"ಬಸ್ಸು ಡೀಸೆಲ್ಲು. ಅದರ ಬ್ರೇಕು ಗಾಳಿಯದ್ದು. ಟ್ಯಾಂಕಿಗೆ ಗಾಳಿ ತುಂಬೋ ತನಕ ಎಂಜಿನ್ ಓಡಿಸ್ಕೊಂಡು ನಿಲ್ಲಬೇಕು, ಇಲ್ಲಾಂದ್ರೆ ಬ್ರೇಕು ಹಿಡಿಯಲ್ಲ. ಅದಕ್ಕೆ ನಿಲ್ಲಿಸ್ತಿದ್ವಿ. ಬಿಸಿ ಆಗ್ಲಿ ಅಂತ ಅಲ್ಲ. ಇಷ್ಟು ವರ್ಷ ನಿಂತೂ ನಿಂತೂ, ಯಾಕೆ ನಿಲ್ಲಿಸ್ತಿದ್ದೆ ಅನ್ನೋದೇ ಮರೆತು, ನಿಲ್ಲಿಸೋದು ಮಾತ್ರ ಕೈಯಲ್ಲಿ ಉಳ್ಕೊಂಡಿದೆ ನೋಡು." ಲೋಟ ಎತ್ತಿ ಒಂದು ಗುಟುಕು ಕುಡಿದರು. ಕುಡಿದ ಮೇಲೆ ದನಿ ಸ್ವಲ್ಪ ಚೇತರಿಸಿಕೊಂಡಿತು. "ಪೂರ್ತಿ ನನ್ನ ತಪ್ಪೇ ಅಂತಲೂ ಅಲ್ಲ. ನೀನು ಈ ಬೀದಿಯಿಂದ ಆ ಬೀದಿಗೆ ಹೋಗಿ ಆರಿಸ್ತೀಯ. ಅಲ್ಲಿಂದ ಇನ್ನೊಂದು ಬೀದಿ, ಮತ್ತೆ ಆರಿಸ್ತೀಯ. ಎಂಜಿನ್ನಿಗೆ ಬೆವರೋಕೆ ಪುರುಸೊತ್ತೆಲ್ಲಿದೆ?"

"ಅಂದ್ರೆ ಅರ್ಧ ನನ್ನದು."

"ಮುಕ್ಕಾಲು ನಂದೇ ಇರ್ಲಿ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಬೇಸರವೂ ಬಂತು. ಇಷ್ಟು ದಿನ ಸಾವಿರವೋ ಐದೋ ಹತ್ತೋ ಎಂದು ಎಲ್ಲರೂ ಕಿಲೋಮೀಟರಿನ ಮೇಲೆ ಬಡಿದಾಡಿದ್ದರು. ಅಂಗಳದಲ್ಲಿ ನಿಂತು ಉರಿದ ಬೆಳಗುಗಳನ್ನು ಯಾವ ಮೀಟರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಂಜಿನ್ನು ಎಷ್ಟು ದೂರ ಓಡಿತೆಂದು ಎಲ್ಲರೂ ಕೇಳಿದರು. ಹೇಗೆ ಓಡಿತೆಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಕಾರನ್ನು ಸರ್ವಿಸ್ ಸೆಂಟರಿಗೆ ಒಯ್ದಳು. ಕೌಂಟರಿನಲ್ಲಿದ್ದಾತ ಪರದೆ ನೋಡಿ ಹುಬ್ಬೇರಿಸಿದ.

"ಮೇಡಂ, ಆಯಿಲ್ ಚೇಂಜಿಗೆ ನಿಮಗಿನ್ನೂ ತುಂಬಾ ಟೈಮಿದೆ. ಕಿಲೋಮೀಟರು ಕಾಲು ಭಾಗವೂ ಆಗಿಲ್ಲ."

"ಗೊತ್ತು. ಎಣ್ಣೆಗೆ ಪೆಟ್ರೋಲು ಸೇರಿದೆ, ನೀವೂ ಒಂದು ಸಲ ನೋಡಿ. ಆಮೇಲೆ ಬದಲಾಯಿಸಿ, ಆಯಿಲ್ ಫಿಲ್ಟರೂ ಸೇರಿಸಿ."

"ಯಾರು ಹೇಳಿದ್ದು ಮೇಡಂ?"

ಅವಳು ಕೀಲಿಯನ್ನು ಕೌಂಟರಿನ ಮೇಲಿಟ್ಟಳು. "ನಾನು ಹೇಳ್ತಾ ಇದೀನಿ," ಅಂದಳು.

ಆತ ಕಡ್ಡಿ ಎಳೆದು ಮೂಸಿ ನೋಡಿದ ಮೇಲೆ ಮತ್ತೆ ಮಾತಾಡಲಿಲ್ಲ. ಅಣ್ಣ ಮಾತಾಡಿದ. "ಹಾಗಾದ್ರೆ ನಿಮ್ಮ ಮಾವನ ಮಾತೇ ಗೆದ್ದಿತು ಅನ್ನು," ಎಂದು ಫೋನಿನಲ್ಲಿ ಗೊಣಗಿದ. ಯಾರ ಮಾತೂ ಗೆದ್ದಿಲ್ಲ ಎಂದು ತಿಳಿಸಿ ಹೇಳಲು ಹೋಗಿ, ಅರ್ಧಕ್ಕೆ ಸುಸ್ತಾಗಿ, "ಹೂಂ, ಹಾಗೇ ಅಂದ್ಕೋ," ಎಂದುಬಿಟ್ಟಳು. ಗಂಡನಿಗೆ ಹೇಳಿದಾಗ ಅವನು, "ಅಂತೂ ಇಬ್ಬರೂ ಸರಿ ಅಂದಿದ್ನಲ್ಲ," ಎಂದ. ಇಬ್ಬರೂ ತಪ್ಪು ಎಂದು ಅವಳು ತಿದ್ದಿದಳು.

ರಾತ್ರಿ ಮಲಗುವ ಮೊದಲು ಕೀಲಿಯನ್ನು ಮತ್ತೆ ಬಾಗಿಲ ಪಕ್ಕದ ಮೊಳೆಗೆ ತಗುಲಿಸಿದಳು. ಮಾವನಿಗೆ ಕೇಳಿಸಲೆಂದು ಸ್ವಲ್ಪ ಸದ್ದು ಮಾಡಿಯೇ ತಗುಲಿಸಿದಳು.

ಬೆಳಿಗ್ಗೆ ಅಡುಗೆಮನೆಯಲ್ಲಿ ಬ್ರೆಡ್ಡು ಕಾಯಿಸುತ್ತಿದ್ದಾಗ ಅಂಗಳದಲ್ಲಿ ಎಂಜಿನ್ ಶುರುವಾಯಿತು. ಅವಳ ಕೈ ನಿಂತಿತು. ಕಾರು ಹಿಂದೆ ಹೋಯಿತು, ಮುಂದೆ ಬಂತು, ತಿರುಗಿತು. ಆಮೇಲೆ ಸದ್ದು ನಿಂತಿತು. ಅವಳು ಕಿವಿಗೊಟ್ಟು ಕಾದಳು. ಬಟ್ಟೆ ಗಾಜಿನ ಮೇಲೆ ಆಡುವುದು ಮಾತ್ರ ಕೇಳಿಸಿತು. ಕೊನೆಗೆ ಅದೂ ನಿಂತು ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು.

ಜಡೆ ಹೆಣೆದು ಚೀಲ ಹಿಡಿದು ಹೊರಗೆ ಬರುವಾಗ ಮಾವ ಕಾರಿನೊಳಗಿನಿಂದ ಇಳಿಯುತ್ತಿದ್ದರು. ತಾವು ಒಳಗೆ ಕೂತಿದ್ದು ಯಾಕೆ ಎಂದು ಹೇಳಲಿಲ್ಲ. ಗೇಟು ತೆರೆಯಲು ಹೋದರು. ಕಾರು ಗೇಟಿನ ಕಡೆ ಮುಖ ಮಾಡಿತ್ತು, ಗಾಜು ತಿಳಿಯಾಗಿತ್ತು. ಅವಳು ಹತ್ತಿ ಕುಳಿತಳು. ಸ್ಟಿಯರಿಂಗು ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಸೀಟು ಮಾತ್ರ ಬೆಚ್ಚಗಿತ್ತು.

ಶುರು ಮಾಡಿದವಳೇ ಕಾಯದೆ ಮೆಲ್ಲಗೆ ಹೊರಟಳು. ಗೇಟಿನಲ್ಲಿ ಮಾವ ಕೈ ಅಡ್ಡ ಹಿಡಿದರು. ಅವಳು ಗಾಜು ಇಳಿಸಿದಳು.

"ಏನು ಮಾವ?"

"ಏರ್ ಫಿಲ್ಟರು ನೋಡಿಸಿದ್ಯಾ? ಆ ಅಜ್ಜಿ ಮನೆ ರಸ್ತೆ ಬರೀ ಧೂಳು ಅಂತೀಯ. ಧೂಳಿದ್ರೆ ಅದನ್ನ ಬೇಗ ನೋಡ್ಬೇಕಮ್ಮ. ಬಸ್ಸಲ್ಲಿ ನಾವು..."

ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು.

"ಸಂಜೆ ಹೇಳಿ ಮಾವ. ಭಾನುವಾರ ಹೆದ್ದಾರಿಯಲ್ಲಿ ದೂರ ಹೋಗಿ ಬರೋಣ, ಎಂಜಿನ್ನು ಬೆವರ್ಲಿ. ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಹೇಳಿ."

"ಹಿಂದಿನ ಸೀಟು ಸಾಕು ನನಗೆ."

"ಬೇಡ. ಅಲ್ಲಿಂದ ನೀವು ಇನ್ನೂ ಜೋರಾಗಿ ಹೇಳ್ತೀರಿ," ಎಂದು ಅವಳು ಗಾಜು ಏರಿಸಿದಳು. ಅವರು ಗಾಜಿನ ಆಚೆಯಿಂದ ಇನ್ನೂ ಏನೋ ಹೇಳುತ್ತಲೇ ಇದ್ದರು.